ಸೋರುವ ಮನೆಯಲ್ಲಿ ಕೇಳಿದ ಹಾಡುಗಳು

ನಾನು ಸಂಗೀತ ಕಲಿತವಳಲ್ಲ. ಹೆಣ್ಣು ನೋಡಲು ಬಂದವರ ಮುಂದೆ ಹಾಡಲೆಂದು ಕಲಿತ ಎರಡು ದೇವರನಾಮ ಬಿಟ್ಟರೆ ನನ್ನ ಸ್ವರಜ್ಞಾನ ಮುಂದಕ್ಕೆ ಹೋಗಲಿಲ್ಲ. ಬಂದವರೂ ಮೊದಲ ಚರಣ ಮುಗಿಯುವ ಮುಂಚೆಯೇ "ಸಾಕು, ಸಾಕು" ಎಂದು ಉಪ್ಪಿಟ್ಟಿನ ತಟ್ಟೆಗೆ ಕೈ ಹಾಕಿದ್ದರು. ಅಂಥವಳು ಒಂದು ಆಲ್ಬಮ್ಮಿನ ಬಗ್ಗೆ, ಅದೂ ಗಿಟಾರು ಡ್ರಮ್ಮುಗಳ ಬ್ಯಾಂಡೊಂದರ ಆಲ್ಬಮ್ಮಿನ ಬಗ್ಗೆ ಬರೆಯುತ್ತೇನೆಂದಾಗ ನಮ್ಮ ಮನೆಯವರು ಕನ್ನಡಕದ ಮೇಲಿನಿಂದ ನೋಡಿ ನಕ್ಕರು. ನಗಲಿ. ಹಾಡುವವರಿಗೆ ಇರುವಷ್ಟೇ ಹಕ್ಕು ಕೇಳುವವರಿಗೂ ಉಂಟು ಎಂದುಕೊಂಡು ಬರೆಯುತ್ತಿದ್ದೇನೆ.

2008ರ ಮಳೆಗಾಲ. ಮಗ ಮೈಸೂರಿನಲ್ಲಿ ಎಂಜಿನಿಯರಿಂಗ್ ಓದುತ್ತಿದ್ದ. ಹಾಸ್ಟೆಲಿನಲ್ಲಿ ಅವನ ಕೋಣೆಯ ಗೆಳೆಯ ಮಂಗಳೂರು ಕಡೆಯ ಕ್ರೈಸ್ತರ ಹುಡುಗ. ಒಂದು ಶನಿವಾರ ಮನೆಗೆ ಬಂದವನು ಚೀಲದಿಂದ ಎರಡು ಸಿ.ಡಿ. ತೆಗೆದ. ಒಂದು ಆ ಗೆಳೆಯ ಕೊಟ್ಟದ್ದು, ಇನ್ನೊಂದು ಇವನೇ ಕೊಂಡದ್ದು. ಮೊದಲು ಹಾಕಿದ್ದು ಗೆಳೆಯನದನ್ನು. ಅಡುಗೆಮನೆಯಲ್ಲಿ ಸಾರಿಗೆ ಒಗ್ಗರಣೆ ಹಾಕುತ್ತಿದ್ದ ನನಗೆ ಗಿಟಾರಿನ ಬಿರುಸು, ಅದರ ಹಿಂದೆ ಪಿಟೀಲಿನ ಎಳೆ, ಯಾವನೋ ಹುಡುಗ ಮೊರೆಯಿಡುವಂತೆ ಹಾಡುವುದು ಕೇಳಿಸಿತು. ಮಾತು ಅರ್ಥವಾಗಲಿಲ್ಲ. ಪ್ರೇಮಗೀತೆ ಇರಬೇಕು, ಹುಡುಗಿ ಕೈಕೊಟ್ಟಿರಬೇಕು ಎಂದುಕೊಂಡೆ.

"ಅಲ್ಲಮ್ಮ, ಅದು ದೇವರ ಹಾಡು" ಅಂದ ಮಗ.

ಬ್ಯಾಂಡಿನ ಹೆಸರು ಜಾರ್ಸ್ ಆಫ್ ಕ್ಲೇ. ಅಂದರೆ ಮಣ್ಣಿನ ಗಡಿಗೆಗಳು. ಅಮೆರಿಕದ ಇಲಿನಾಯ್ ರಾಜ್ಯದ ಗ್ರೀನ್‌ವಿಲ್ ಕಾಲೇಜಿನಲ್ಲಿ ಓದುತ್ತಿದ್ದ ಹುಡುಗರು ಕಟ್ಟಿದ್ದು. ಬೈಬಲಿನಲ್ಲಿ ಪೌಲನು ಕೊರಿಂಥದವರಿಗೆ ಬರೆದ ಎರಡನೆಯ ಪತ್ರದಲ್ಲಿ ನಮ್ಮ ಮೈಯನ್ನು ಮಣ್ಣಿನ ಗಡಿಗೆಗೆ ಹೋಲಿಸಿ, ಅದರೊಳಗೆ ದೇವರ ನಿಧಿ ಇದೆ ಎನ್ನುತ್ತಾನಂತೆ; ಹೆಸರು ಬಂದದ್ದು ಅಲ್ಲಿಂದ. 1995ರಲ್ಲಿ ಬಂದ ಅವರ ಮೊದಲ ಆಲ್ಬಂ 20 ಲಕ್ಷಕ್ಕೂ ಮಿಕ್ಕಿ ಮಾರಾಟವಾಯಿತು. ಅದಕ್ಕೆ ಮುಖ್ಯ ಕಾರಣ ನಾನು ಒಗ್ಗರಣೆಯ ನಡುವೆ ಕೇಳಿದ ಹಾಡೇ. ಅದರ ಹೆಸರು 'ಫ್ಲಡ್', ಎಂದರೆ ಪ್ರಳಯ. ಮಳೆ ನಿಲ್ಲುತ್ತಿಲ್ಲ, ಮುಳುಗುತ್ತಿದ್ದೇನೆ, ಮೇಲೆತ್ತು ಎಂಬ ಮೊರೆ. ನೋಹನ ಕಾಲದ ನಲವತ್ತು ದಿನದ ಮಳೆ ಗೊತ್ತಿದ್ದವರಿಗೆ ಅದು ಪ್ರಾರ್ಥನೆ. ಗೊತ್ತಿಲ್ಲದವರಿಗೆ ಮಳೆಯ ಹಾಡು. ಚರ್ಚಿನ ಮೆಟ್ಟಿಲು ಹತ್ತದ ಹುಡುಗರು ಕೇಳುವ ರೇಡಿಯೋಗಳಲ್ಲೂ 1996ರಲ್ಲಿ ಅದು ಮತ್ತೆ ಮತ್ತೆ ಬಂತಂತೆ.

ದೇವರ ಮಾತನ್ನು ರಾಕ್ ಸಂಗೀತದಲ್ಲಿ ಹಾಡುವುದು ಆ ದೇಶದಲ್ಲಿ ಅಷ್ಟು ಹೊತ್ತಿಗೆ ಹಳೆಯ ಜಗಳ. 1969ರಲ್ಲಿ ಲ್ಯಾರಿ ನಾರ್ಮನ್ ಎಂಬಾತ ಹೊರತಂದ ಆಲ್ಬಮ್ಮನ್ನು ಅನೇಕರು ಈ ಬಗೆಯಲ್ಲಿ ಮೊದಲನೆಯದೆಂದು ಹೇಳುತ್ತಾರೆ. ಅಂದಿನಿಂದಲೂ ಒಂದು ಕಡೆ ಮಡಿವಂತರು, ಇನ್ನೊಂದು ಕಡೆ "ಒಳ್ಳೆಯ ಮಟ್ಟುಗಳನ್ನೆಲ್ಲ ಸೈತಾನನಿಗೇ ಯಾಕೆ ಬಿಡಬೇಕು" ಎನ್ನುವವರು. ನಮ್ಮಲ್ಲಿ ಸಿನಿಮಾ ಹಾಡಿನ ಮಟ್ಟಿಗೆ ಅಯ್ಯಪ್ಪನ ಭಜನೆ ಕೂಡಿಸಿದಾಗ ಹಿರಿಯರು ಗೊಣಗುವುದಿಲ್ಲವೇ, ಹಾಗೆಯೇ.

ಪ್ರಳಯದ ಹಾಡು ಎಂದಾಗ ನನಗೆ ನೆನಪಾದದ್ದು ನಮ್ಮ ಶೆಟ್ಟಿಹಳ್ಳಿಯ ಚರ್ಚು. ಹಾಸನದ ಹೆಣ್ಣುಮಕ್ಕಳು ಒಮ್ಮೆಯಾದರೂ ನೋಡಿರುತ್ತೀರಿ. 1860ರ ದಶಕದಲ್ಲಿ ಫ್ರೆಂಚ್ ಪಾದ್ರಿಗಳು ಕಟ್ಟಿಸಿದ್ದು. ಗೊರೂರಿನಲ್ಲಿ ಹೇಮಾವತಿಗೆ ಅಣೆಕಟ್ಟು ಕಟ್ಟಿದ ಮೇಲೆ ಊರು ಎದ್ದುಹೋಯಿತು, ಚರ್ಚು ಉಳಿಯಿತು. ಮಳೆ ಚೆನ್ನಾಗಿ ಆದ ವರ್ಷ ಅರ್ಧ ಮುಳುಗಿ ನಿಲ್ಲುತ್ತದೆ. ಮೇಲೆ ಸೂರಿಲ್ಲ. ಬೇಸಿಗೆಯಲ್ಲಿ ನೀರಿಳಿದಾಗ ಒಳಗೆ ನಡೆದು ಹೋಗಬಹುದು, ಆಕಾಶ ನೋಡಬಹುದು. ಮಗನಿಗೆ ಇದನ್ನು ಹೇಳಿದೆ. ಅವನು "ಹೂಂ" ಅಂದು ಎರಡನೆಯ ಸಿ.ಡಿ. ಹಾಕಲು ಹೋದ. ಅಷ್ಟರಲ್ಲಿ ಕೊರವಂಗಲದಿಂದ ಫೋನು: ಅವ್ವನ ಮನೆಯ ನಡುಮನೆ ಸೋರುತ್ತಿದೆ, ಬನ್ನಿ.

ಕೊರವಂಗಲ ನಮಗೆ ದೂರವೇನಲ್ಲ. ಹಾಸನದಿಂದ ಅರಸೀಕೆರೆ ರಸ್ತೆಯಲ್ಲಿ ಹತ್ತು ಕಿಲೋಮೀಟರಿನ ಆಸುಪಾಸು. ಬೂಚೇಶ್ವರನ ಗುಡಿಯಿಂದಾಗಿ ಹೊಯ್ಸಳ ಶಿಲ್ಪ ಹುಡುಕಿಕೊಂಡು ಬರುವವರಿಗೆ ಊರಿನ ಹೆಸರು ಗೊತ್ತು. ವೀರಬಲ್ಲಾಳನ ಪಟ್ಟಾಭಿಷೇಕದ ನೆನಪಿಗೆ 1173ರಲ್ಲಿ ಬೂಚಿರಾಜ ಕಟ್ಟಿಸಿದ ಗುಡಿ. ಎದುರುಬದುರು ಎರಡು ಗರ್ಭಗುಡಿ, ಒಂದರಲ್ಲಿ ಶಿವ, ಇನ್ನೊಂದರಲ್ಲಿ ಸೂರ್ಯ. ಎಂಟು ನೂರು ವರ್ಷ ದಾಟಿದ ಆ ಕಲ್ಲಿನ ಸೂರು ನಿಂತಿದೆ. ಅದೇ ಊರಿನಲ್ಲಿ ನಮ್ಮಪ್ಪ ಕಟ್ಟಿಸಿದ ನಾಡಹೆಂಚಿನ ಮನೆ ಮಾತ್ರ ನಲವತ್ತು ವರ್ಷಕ್ಕೇ ಕೈಬಿಟ್ಟಿತ್ತು. ಅಪ್ಪ ಇದ್ದಾಗ ಪ್ರತಿ ಬೇಸಿಗೆಯಲ್ಲೂ ಹೆಂಚು ಕೈಯಾಡಿಸುತ್ತಿದ್ದರು. ಅವರು ಹೋದ ಮೇಲೆ ಕೋತಿಗಳು ಹತ್ತಿ ಹೆಂಚು ಸರಿಸಿದ್ದೇ ಸರಿಸಿದ್ದು, ಹತ್ತಿ ಸರಿಮಾಡುವವರಿಲ್ಲ. ಅಣ್ಣ ಬೆಂಗಳೂರಿನಲ್ಲಿ. ಮನೆ ಮಾರಿ ಅವ್ವನನ್ನು ಹಾಸನಕ್ಕೆ ಕರೆತರೋಣ ಎಂದು ನಾನು, ಕೆಡವಿ ಆರ್.ಸಿ.ಸಿ. ಹಾಕಿಸೋಣ ಎಂದು ಅಣ್ಣ. ಎರಡು ವರ್ಷದಿಂದ ಇದೇ ಜಗಳ, ಫೋನಿನಲ್ಲಿ. ಅವ್ವ ಇಬ್ಬರ ಮಾತಿಗೂ "ಆಯ್ತು, ನೋಡನ" ಎನ್ನುತ್ತಿದ್ದಳು. ನೋಡನ ಎಂದರೆ ಇಲ್ಲ ಎಂದು ಅರ್ಥ.

ನಾವು ಹೋದಾಗ ನಡುಮನೆಯಲ್ಲಿ ಕೊಳಗ, ಬೋಗುಣಿ, ಸಿಲವಾರದ ಪಾತ್ರೆ, ಕೊನೆಗೆ ದೇವರಮನೆಯ ತಾಮ್ರದ ಚೊಂಬು, ಎಲ್ಲವೂ ನೆಲದ ಮೇಲೆ ಬಾಯಿ ತೆರೆದು ಕೂತಿದ್ದವು. ಕರೆಂಟಿರಲಿಲ್ಲ. ಮಗ ಪ್ಲಾಸ್ಟಿಕ್ ಹಾಳೆ ಹೊದಿಸಲು ಅಟ್ಟಕ್ಕೆ ಹತ್ತಿ ಇಳಿದ. ಮಳೆ ಬಿಡುವವರೆಗೆ ಮಾಡಲು ಏನೂ ಇರಲಿಲ್ಲವಾಗಿ ಸೆಲ್ಲು ಹಾಕುವ ತನ್ನ ಪುಟ್ಟ ಸಿ.ಡಿ. ಪೆಟ್ಟಿಗೆಯನ್ನು ಒಲೆಯ ಪಕ್ಕ ಒಣಗಿದ ಜಾಗದಲ್ಲಿ ಇಟ್ಟು, ತಾನು ಕೊಂಡ ಸಿ.ಡಿ. ಹಾಕಿದ. ಮುಂದಿನದು ನಡೆದದ್ದು ಹೀಗೆ. ಆದರೆ ಅದಕ್ಕೆ ಮುನ್ನ ಆ ಸಿ.ಡಿ. ಯಾವುದೆಂದು ಹೇಳಬೇಕು.

'ರಘು ದೀಕ್ಷಿತ್ ಪ್ರಾಜೆಕ್ಟ್.' ಬ್ಯಾಂಡಿಗೂ ಅದೇ ಹೆಸರು, ಅವರ ಮೊದಲ ಆಲ್ಬಮ್ಮಿಗೂ ಅದೇ ಹೆಸರು. ಅಮೆರಿಕದ ಆ ಗಡಿಗೆಯವರೂ ಹಾಗೆಯೇ ಮಾಡಿದ್ದರು. ರಘು ದೀಕ್ಷಿತ್ ಹುಟ್ಟಿದ್ದು ನಾಸಿಕದಲ್ಲಿ, 1974ರಲ್ಲಿ; ಬೆಳೆದದ್ದು ಮೈಸೂರಿನಲ್ಲಿ. ಮೈಸೂರು ವಿಶ್ವವಿದ್ಯಾನಿಲಯದಿಂದ ಸೂಕ್ಷ್ಮಜೀವಿಶಾಸ್ತ್ರದಲ್ಲಿ ಚಿನ್ನದ ಪದಕ. ಚಿಕ್ಕಂದಿನಿಂದ ಕಲಿತದ್ದು ಭರತನಾಟ್ಯ. ಕಾಲೇಜಿನಲ್ಲಿ ಗೆಳೆಯನೊಬ್ಬನ ಪಂಥಕ್ಕೆ ಗಿಟಾರು ಹಿಡಿದರಂತೆ. ಮೊದಲು 'ಅಂತರಾಗ್ನಿ' ಎಂಬ ತಂಡ ಕಟ್ಟಿದರು, ಅದು ಚದುರಿತು. ವರ್ಷಗಟ್ಟಲೆ ಧ್ವನಿಸುರುಳಿ ಕಂಪನಿಗಳ ಬಾಗಿಲು ತಟ್ಟಿದರೂ ಯಾರೂ ತೆರೆಯಲಿಲ್ಲ. ಕೊನೆಗೆ ಹಿಂದಿ ಸಿನಿಮಾದ ಸಂಗೀತ ನಿರ್ದೇಶಕರಾದ ವಿಶಾಲ್ ಮತ್ತು ಶೇಖರ್ ಮುಂಬಯಿಯಲ್ಲಿ ಅವರ ಹಾಡು ಕೇಳಿ, ತಮ್ಮದೇ ಕಂಪನಿಯಿಂದ 2008ರಲ್ಲಿ ಆಲ್ಬಂ ಹೊರತಂದರು. ಎಂಟು ಹಾಡು. ಹೆಚ್ಚಿನವು ಹಿಂದಿ, ಒಂದು ಇಂಗ್ಲಿಷು, ಎರಡು ಮಾತ್ರ ಕನ್ನಡ. ಆ ಎರಡೂ ಶಿಶುನಾಳ ಷರೀಫರವು.

ಇದು ಕ್ರೈಸ್ತರ ಬ್ಯಾಂಡಲ್ಲ, ಭಕ್ತಿಯ ಬ್ಯಾಂಡೂ ಅಲ್ಲ. ಆದರೂ ನಮ್ಮಲ್ಲಿ ದೇವರ ಮಾತು ಗಿಟಾರು ಹತ್ತಿ ದೇಶಾಂತರ ಹೋದದ್ದು ಎಂದರೆ ನನಗೆ ತೋರುವುದು ಇದೇ. ಮಿಕ್ಕ ಹಾಡುಗಳ ಬಗ್ಗೆ ನಾನು ಹೆಚ್ಚು ಹೇಳಲಾರೆ. ದೇವರನ್ನು ಇನ್ನೊಂದು ಬದುಕು ಕೊಡು ಎಂದು ಕೇಳುವ 'ಹೇ ಭಗವಾನ್' ಚೆನ್ನಾಗಿದೆ, ಬೆಳಗಿನ ಹೊತ್ತು ಮನೆಗೆಲಸಕ್ಕೆ ಒಳ್ಳೆಯ ಜೊತೆ. 'ಮೈಸೂರ್ ಸೇ ಆಯಿ' ಹುಡುಗರಿಗೆ. ಷರೀಫರ ಎರಡು ಹಾಡುಗಳೇ ನನ್ನ ಲೆಕ್ಕದಲ್ಲಿ ಈ ಆಲ್ಬಮ್ಮಿನ ತೂಕ, ಇಡೀ ಆಲ್ಬಮ್ಮನ್ನು ತೂಗಬೇಕಾದ್ದೂ ಅವುಗಳಿಂದಲೇ.

ಮೊದಲು ಬಂದದ್ದು 'ಗುಡುಗುಡಿಯ ಸೇದಿ ನೋಡೋ'. ಡ್ರಮ್ಮು, ಗಿಟಾರು, ಜೊತೆಗೆ ಆ ಗಂಟಲು. ಮಗ ಕುಳಿತಲ್ಲೇ ಹೆಗಲು ಕುಣಿಸತೊಡಗಿದ. ಅವ್ವ ಒಲೆಯ ಮುಂದೆ ರಾಗಿಮುದ್ದೆಗೆ ಎಸರಿಟ್ಟವಳು ತಿರುಗಿ ನೋಡಿದಳು.

"ಅದ್ಯಾರ್ಲಾ ಮಗ, ಹಂಗೆ ಗಂಟ್ಲು ಕಿತ್ಕೊಂತಾನೆ?"

"ಹುಕ್ಕಾ ಹಾಡಜ್ಜಿ ಇದು. ಹಾಸ್ಟೆಲಲ್ಲಿ ಎಲ್ಲಾ ಸೇದೋವಾಗ ಇದನ್ನೇ ಹಾಕ್ತಾರೆ" ಅಂದ. ತಾನು ಸೇದುವುದಿಲ್ಲ ಎಂದು ನನ್ನ ಕಡೆ ನೋಡಿ ಬೇಗನೆ ಸೇರಿಸಿದ.

ಅವ್ವ ನಕ್ಕಳು. ಮುದ್ದೆ ಕೋಲು ಹಿಡಿದೇ ನಕ್ಕಳು. "ಯಾವ ಹುಕ್ಕಾನೂ ಅಲ್ಲ. ಆ ಬುರುಡೆ ಅನ್ನೋದು ನಿನ್ ಮೈ ಕಣ್ಲಾ. ಸಂಚಿ ಅಂದ್ರೆ ಮನಸ್ಸು. ನಿಮ್ಮಜ್ಜ ಹಾಡ್ತಿದ್ದದ್ದು ಇದನ್ನೇಯ."

ನಮ್ಮೂರಿಗೆ ಷರೀಫರು ಬಂದದ್ದು ಧಾರವಾಡ ಕಡೆಯಿಂದ ವರ್ಗವಾಗಿ ಬಂದ ಒಬ್ಬ ಮೇಷ್ಟ್ರ ಜೊತೆ. ನಾನಾಗ ಲಂಗ ತೊಡುವ ಹುಡುಗಿ. ಅದುವರೆಗೆ ನಮ್ಮಪ್ಪನ ಭಜನೆ ಗುಂಪಿಗೆ ಕೈವಾರದ ತಾತಯ್ಯನವರ ಪದ, ಪುರಂದರದಾಸರ ಪದ ಗೊತ್ತಿತ್ತು. ಮೇಷ್ಟ್ರು ತಂಬೂರಿ ಹಿಡಿದು ಈ ಹೊಸ ಪದಗಳನ್ನು ಕಲಿಸಿದರು, ಅರ್ಥವನ್ನೂ ಹೇಳಿದರು. ಹಾವೇರಿ ಸೀಮೆಯ ಶಿಶುನಾಳದಲ್ಲಿ 1819ರಲ್ಲಿ ಮುಸಲ್ಮಾನರ ಮನೆಯಲ್ಲಿ ಹುಟ್ಟಿ, ಕಳಸದ ಗೋವಿಂದಭಟ್ಟರನ್ನು ಗುರುವಾಗಿ ಪಡೆದು, 1889ರಲ್ಲಿ ತೀರಿಕೊಂಡ ಷರೀಫರ ಉಪಾಯವೇ ಇದು ಎಂದು ಈಗ ತಿಳಿಯುತ್ತದೆ. ಕಣ್ಣಿಗೆ ಬಿದ್ದ ಸಾಮಾನನ್ನು ಎತ್ತಿಕೊಳ್ಳುತ್ತಾರೆ. ಗುಡುಗುಡಿ, ಕೋಳಿ, ಹಳೇ ಮನೆ. ಸಂತೆಯಲ್ಲಿ ನಿಂತವನೂ ಕಿವಿ ನಿಮಿರಿಸುವಂತೆ ಹಾಡುತ್ತಾರೆ. ಅವನು ನಕ್ಕು ಹತ್ತಿರ ಬಂದ ಮೇಲೆ ಅದು ಮೈಯ ಮಾತು, ಮನಸ್ಸಿನ ಮಾತು ಎಂದು ಗೊತ್ತಾಗುತ್ತದೆ. ಗೊತ್ತಾಗದಿದ್ದರೂ ಹಾಡು ನಾಲಿಗೆಯ ಮೇಲೆ ಉಳಿಯುತ್ತದೆ.

ಆದ್ದರಿಂದ ಹಾಸ್ಟೆಲಿನ ಹುಡುಗರು ಅದನ್ನು ಹೊಗೆಯ ಹಾಡು ಎಂದುಕೊಂಡದ್ದರಲ್ಲಿ ತಪ್ಪೇನೂ ನನಗೆ ಕಾಣಲಿಲ್ಲ. ಅಮೆರಿಕದ ಹುಡುಗರು ಪ್ರಳಯದ ಹಾಡನ್ನು ಮಳೆಯ ಹಾಡು ಎಂದುಕೊಂಡ ಹಾಗೆಯೇ. ಎರಡು ಆಲ್ಬಮ್ಮುಗಳೂ ಗೆದ್ದದ್ದು ಹೀಗೆ ತಪ್ಪು ತಿಳಿದವರಿಂದಲೇ ಎಂದು ನನ್ನ ಅನುಮಾನ. ಭಕ್ತರು ಮಾತ್ರ ಕೇಳಿದ್ದರೆ ಅಷ್ಟು ಮಾರಾಟ ಎಲ್ಲಿಂದ ಬರಬೇಕು? ನನ್ನ ಕಾಳಜಿ ಬೇರೆ. ತಪ್ಪು ತಿಳಿದವನ ಪಕ್ಕದಲ್ಲಿ ಮುದ್ದೆ ಕೋಲು ಹಿಡಿದು "ಅದಲ್ಲ ಕಣ್ಲಾ" ಎನ್ನುವವರೊಬ್ಬರು ಇರಬೇಕಲ್ಲ. ಸಿ.ಡಿ.ಯ ಕವರಿನ ಮೇಲೆ ಅದಕ್ಕೆ ಜಾಗವಿರುವುದಿಲ್ಲ.

ಈ ಹಾಡಿನ ಮಟ್ಟಿಗೆ ರಘು ದೀಕ್ಷಿತರಿಗೆ ನನ್ನ ಪೂರ್ತಿ ಮೆಚ್ಚುಗೆ. ಷರೀಫರನ್ನು ನಾಡಿಗೆಲ್ಲ ಕೇಳಿಸಿದವರು ಸಿ. ಅಶ್ವತ್ಥರು, ಅದರಲ್ಲಿ ಎರಡು ಮಾತಿಲ್ಲ. 1990ರಲ್ಲಿ ನಾಗಾಭರಣರ 'ಸಂತ ಶಿಶುನಾಳ ಷರೀಫ' ಸಿನಿಮಾ ಬಂದಾಗ ಹಾಸನದಲ್ಲಿ ನಾವೆಲ್ಲ ಗುಂಪು ಕಟ್ಟಿಕೊಂಡು ಹೋಗಿ ನೋಡಿದ್ದೆವು. ಶ್ರೀಧರ್ ಅವರ ಮುಖ, ಅಶ್ವತ್ಥರ ಸಂಗೀತ. ಮನೆಮನೆಯಲ್ಲಿ ಆ ಕ್ಯಾಸೆಟ್ಟು ಸುತ್ತಿತು. ಆದರೆ ಕ್ರಮೇಣ ಏನಾಯಿತೆಂದರೆ, ಸುಗಮ ಸಂಗೀತದ ವೇದಿಕೆಗಳಲ್ಲಿ ಅಶ್ವತ್ಥರನ್ನು ಅನುಕರಿಸಿ ಹಾಡುವವರು ಹೆಚ್ಚಿ, ಷರೀಫರು ಶಾಲು ಹೊದ್ದು ಗಂಭೀರವಾಗಿ ಕುಳಿತುಬಿಟ್ಟರು. ನಾವೂ ರೇಷ್ಮೆ ಸೀರೆ ಉಟ್ಟು ಮುಂದಿನ ಸಾಲಿನಲ್ಲಿ ಕುಳಿತು ತಲೆದೂಗಿದೆವು. ನಗು ಹೋಯಿತು. ರಘು ದೀಕ್ಷಿತ್ ಪಂಚೆ ಉಟ್ಟು, ಕಾಲಿಗೆ ಗೆಜ್ಜೆ ಕಟ್ಟಿ, ಕುಣಿಯುತ್ತ ಆ ನಗುವನ್ನು ವಾಪಸು ತಂದರು. ಭರತನಾಟ್ಯದ ಗೆಜ್ಜೆ ಅದು, ವ್ಯರ್ಥವಾಗಲಿಲ್ಲ. ಸೇದಿ ನೋಡು ಎಂದು ಸವಾಲು ಹಾಕುವ ಧ್ವನಿ, ನಿನ್ನನ್ನೇ ನೀನು ಸುಟ್ಟು ನೋಡು ಎನ್ನುವ ಧ್ವನಿ, ಎರಡೂ ಆ ಕಂಠದಲ್ಲಿವೆ.

ಹಾಡು ನಡೆಯುತ್ತಿದ್ದ ಹಾಗೆ ಇನ್ನೊಂದು ನಡೆಯಿತು. ಅವ್ವ ಹಾಡತೊಡಗಿದಳು.

ಇದು ನಿಮಗೆ ದೊಡ್ಡ ಸಂಗತಿ ಅನ್ನಿಸಲಿಕ್ಕಿಲ್ಲ. ನಮ್ಮೂರಿನಲ್ಲಿ ಭಜನೆ ನಡೆಯುತ್ತಿದ್ದದ್ದು ರಾಮಮಂದಿರದಲ್ಲಿ, ಹಾಡುತ್ತಿದ್ದವರು ಗಂಡಸರು. ಹೆಂಗಸರು ಅವಲಕ್ಕಿ, ಕಡಲೆ, ಕಾಫಿ ಕಳಿಸಿ, ಎದುರು ಜಗಲಿಯ ಕತ್ತಲಲ್ಲಿ ಕುಳಿತು ಕೇಳುವುದು. ರಾತ್ರಿ ಎರಡು ಗಂಟೆಯವರೆಗೂ ಕೇಳಿದ್ದೇವೆ. ಕೇಳಿ ಕೇಳಿ ಅವ್ವನಿಗೆ ಗಂಡಸರಿಗಿಂತ ಚೆನ್ನಾಗಿ ಬರುತ್ತಿತ್ತು. ಅಪ್ಪ ಚರಣ ಮರೆತಾಗ ಮನೆಗೆ ಬಂದು ಇವಳನ್ನೇ ಕೇಳುತ್ತಿದ್ದರು. ಮಾತಿನಲ್ಲಿ ಹೇಳುವಳೇ ಹೊರತು ಹಾಡುತ್ತಿರಲಿಲ್ಲ. ನಾನು ಹುಡುಗಿಯಾಗಿದ್ದಾಗ ಕೇಳಿದ್ದಕ್ಕೆ "ಅದು ಗಂಡುಸ್ರು ಪದ ಕಣವ್ವ, ನಮ್ಗೆ ಬೀಸೋ ಪದ ಐತೆ, ಸೋಬಾನೆ ಐತೆ" ಎಂದಿದ್ದಳು. ಅರವತ್ತು ವರ್ಷ ಹಾಗೆಯೇ ಕಳೆದಿತ್ತು. ಅಂಥವಳು ಆ ದಿನ, ಮಳೆಯ ಸದ್ದು, ಡ್ರಮ್ಮಿನ ಸದ್ದು ಎರಡರ ಮರೆಯಲ್ಲಿ ಬಾಯಿಬಿಟ್ಟು ಹಾಡಿದಳು. ಪೆಟ್ಟಿಗೆಯ ಮಟ್ಟಿಗೂ ಅವಳ ಮಟ್ಟಿಗೂ ಹೊಂದುತ್ತಿರಲಿಲ್ಲ. ಅಪ್ಪನ ಮಟ್ಟು ಅವಳದು, ಮೇಷ್ಟ್ರು ಕಲಿಸಿದ್ದು, ನಿಧಾನದ್ದು. ಅವನು ಎರಡು ಚರಣ ಮುಗಿಸಿದರೆ ಇವಳಿಗೆ ಒಂದು.

ಮಗನಿಗೆ ಆಶ್ಚರ್ಯ. ಅಜ್ಜಿಯ ದನಿ ಸರಿಯಾಗಿ ಕೇಳಲಿ ಎಂದು ಮೆಲ್ಲನೆ ಪೆಟ್ಟಿಗೆಯ ಸದ್ದು ತಗ್ಗಿಸಿದ. ಅವ್ವ ತಟ್ಟನೆ ನಿಲ್ಲಿಸಿಬಿಟ್ಟಳು. ಎಷ್ಟು ಹೇಳಿದರೂ ಮತ್ತೆ ಹಾಡಲಿಲ್ಲ. "ಮುದ್ದೆ ಗಂಟಾಯ್ತದೆ, ಸುಮ್ನಿರಿ" ಅಂದಳು.

ಗಿಟಾರು, ಡ್ರಮ್ಮು ಎಂದರೆ ಮಾತನ್ನು ಮುಚ್ಚಿಹಾಕುವ ಗದ್ದಲ ಎಂದು ನಾನೂ ಎಷ್ಟೋ ಸಲ ಹೇಳಿದ್ದೆ. ಮುಚ್ಚುವುದು ನಿಜ. ಆ ಗದ್ದಲದ ಮರೆಯಲ್ಲಿ ಯಾರಿಗೆ ಧೈರ್ಯ ಬರುತ್ತದೆ ಎಂದು ಯೋಚಿಸಿರಲಿಲ್ಲ. ಸಾವಿರಾರು ಹುಡುಗ ಹುಡುಗಿಯರು ನಿಂತು ಕುಣಿಯುವ ಸಭೆಗಳಲ್ಲಿ ಒಬ್ಬೊಬ್ಬರ ದನಿಯೂ ಯಾರಿಗೂ ಕೇಳುವುದಿಲ್ಲ. ಅದಕ್ಕೇ ಎಲ್ಲರೂ ಹಾಡುತ್ತಾರೆ. ಸುಗಮ ಸಂಗೀತದ ಸಭೆಯಲ್ಲಿ ನಾವು ಹಾಡಿದರೆ ಪಕ್ಕದವರು ತಿರುಗಿ ನೋಡುತ್ತಾರೆ.

ಇನ್ನು ಎರಡನೆಯದು, 'ಸೋರುತಿಹುದು ಮನಿಯ ಮಾಳಿಗಿ'. ಅದು ಶುರುವಾದಾಗ ಅವ್ವ ತಲೆಯೆತ್ತಿ ಜಂತೆ ನೋಡಿ "ನಮ್ಮನೆ ಪದ ಬಂತು" ಎಂದಳು. ಎಲ್ಲರೂ ನಕ್ಕೆವು. ಆದರೆ ಹಾಡು ಸಾಗಿದ ಹಾಗೆ ನಗು ನಿಂತಿತು.

ಷರೀಫರ ಕಡೆಯಲ್ಲಿ ಮಾಳಿಗೆ ಎಂದರೆ ಮೇಲ್ಮುದ್ದೆಯ ಮನೆ, ಮಣ್ಣಿನ ಚಪ್ಪಟೆ ಸೂರು. ಸೋರಿದರೆ ಹೆಂಚಿನ ಮನೆಯ ಹಾಗೆ ಒಂದು ಕಡೆ ತೊಟ್ಟಿಕ್ಕುವುದಿಲ್ಲ. ಮಣ್ಣೆಲ್ಲ ನೆನೆದು ಭಾರವಾಗಿ ಇಡೀ ಸೂರೇ ಮೈಮೇಲೆ ಕೂರುತ್ತದೆ ಎಂದು ಮೇಷ್ಟ್ರು ವಿವರಿಸಿದ್ದರಂತೆ. ಆ ಹೆದರಿಕೆ ಪದದಲ್ಲಿದೆ. ತೊಲೆ ಮುರುಕು, ಜಂತೆಗೆ ಹುಳ ಬಿದ್ದಿದೆ, ಕೀಲು ಸಡಿಲ, ಸುತ್ತ ಕತ್ತಲು, ಹತ್ತಿ ಸರಿಮಾಡೋಣವೆಂದರೆ ನನ್ನ ಕೈಯಲ್ಲಾಗದು, ಬೇರೆ ಯಾರೂ ಇಲ್ಲ. ಮನೆ ಎಂದರೆ ಈ ಮೈ, ಸೋರುವುದು ಅಜ್ಞಾನದಿಂದ ಎಂಬ ಅರ್ಥವೆಲ್ಲ ಸರಿಯೇ. ಆದರೆ ಒಂಟಿಯಾಗಿ ಹಳೇ ಮನೆಯಲ್ಲಿರುವ ಮುದುಕಿಗೆ ಆ ಅರ್ಥ ಬೇಕಾಗಿಲ್ಲ. ಪದ ನೇರ ತಲೆಯ ಮೇಲೆಯೇ ತೊಟ್ಟಿಕ್ಕುತ್ತದೆ. ನಾನು ಅವ್ವನ ಮುಖ ನೋಡಲಾರದೆ ಬೋಗುಣಿಯ ನೀರು ಚೆಲ್ಲುವ ನೆಪದಲ್ಲಿ ಹಿತ್ತಲಿಗೆ ಹೋದೆ. ಮನೆ ಮಾರುವ ಮಾತನ್ನು ಅಂದೇ ಗಟ್ಟಿಮಾಡಬೇಕೆಂದು ಬಂದಿದ್ದೆ. ಆಡಲಾಗಲಿಲ್ಲ.

ಹಾಡು ಮುಗಿದಾಗ ಮಗ "ಹೆಂಗಿತ್ತಜ್ಜಿ?" ಅಂದ.

ಅವ್ವ ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದಳು: "ಚೆನ್ನಾಗವ್ನೆ. ಒಳ್ಳೆ ಕಂಠ. ಆದ್ರೆ ಪಾಪ, ಈ ಹುಡುಗನ ಮನೆ ಸೋರಿಲ್ಲ ಅನ್ಸುತ್ತೆ."

ಆ ಆಲ್ಬಮ್ಮಿನ ಬಗ್ಗೆ ಆಮೇಲೆ ಪತ್ರಿಕೆಗಳಲ್ಲಿ ಎಷ್ಟೋ ಬಂತು. ಇದಕ್ಕಿಂತ ಸರಿಯಾದ ಮಾತನ್ನು ನಾನು ಓದಲಿಲ್ಲ. ರಘು ದೀಕ್ಷಿತರ ಕಂಠ ದೊಡ್ಡದು, ತುಂಬಿದ್ದು. ಅದಕ್ಕೆ ಆಗದ್ದು ಎಂಬುದಿಲ್ಲ. ಕೈಲಾಗದು ಎನ್ನುವ ಪದವನ್ನು ಎಲ್ಲವೂ ಕೈಲಾಗುವ ಕಂಠ ಹಾಡಿದರೆ ಸೂರು ಎಲ್ಲಿ ಸೋರೀತು? ಕೇಳುವವರಿಗೆ ಸೊಗಸೇ ಸಿಗುತ್ತದೆ, ದುಗುಡ ಸಿಗುವುದಿಲ್ಲ. ಅಶ್ವತ್ಥರ ಕಂಠವೂ ದೊಡ್ಡದೇ, ಆದರೆ ಅದರಲ್ಲಿ ಒಂದು ಬಿರುಕಿನ ಒರಟು ಇತ್ತು, ನೀರು ಇಳಿಯಲು ಜಾಗವಿತ್ತು. 2009ರ ಡಿಸೆಂಬರಿನಲ್ಲಿ ಅವರು ತೀರಿಕೊಂಡ ಸುದ್ದಿ ಕೇಳಿದ ರಾತ್ರಿ ನಾನು ಹಾಕಿಕೊಂಡದ್ದು ಅವರ 'ಸೋರುತಿಹುದು', ಇವರದಲ್ಲ. ಇದು ಸಂಗೀತ ಬಲ್ಲವರ ತೀರ್ಪಲ್ಲ, ಒಪ್ಪದವರು ಒಪ್ಪದಿರಲಿ.

ಆ ಮೇಲೆ ಆಲ್ಬಂ ಎಲ್ಲಿಂದ ಎಲ್ಲಿಗೋ ಹೋಯಿತು. 2010ರಲ್ಲಿ ಬಿ.ಬಿ.ಸಿ.ಯಲ್ಲಿ ಜೂಲ್ಸ್ ಹಾಲೆಂಡ್ ನಡೆಸುವ ಹೆಸರಾಂತ ಕಾರ್ಯಕ್ರಮದಲ್ಲಿ ಅವರು ಹಾಡಿದರು. ಬ್ರಿಟನ್ನಿನ ಐಟ್ಯೂನ್ಸಿನ ವಿಶ್ವಸಂಗೀತದ ಪಟ್ಟಿಯಲ್ಲಿ ಈ ಆಲ್ಬಂ ಮೊದಲ ಸ್ಥಾನಕ್ಕೆ ಏರಿತು. 2011ರಲ್ಲಿ ಸಾಂಗ್‌ಲೈನ್ಸ್ ಪತ್ರಿಕೆಯ ಹೊಸಬರ ಪ್ರಶಸ್ತಿಯೂ ಬಂತು. ಷರೀಫರ ಕನ್ನಡಕ್ಕೆ ಒಂದಕ್ಷರ ಕನ್ನಡ ತಿಳಿಯದವರು ಕುಣಿದರು. ನನಗೆ ಹೆಮ್ಮೆಯಾಯಿತು, ಯಾಕೆ ಸುಳ್ಳು ಹೇಳಲಿ. ಪಕ್ಕದ ಮನೆಯವರಿಗೆಲ್ಲ ನಾನೇ ಹಾಡಿದೆನೋ ಎಂಬಂತೆ ಹೇಳಿಕೊಂಡು ಬಂದೆ.

ಒಂದು ಮಾತು ಉಳಿದಿದೆ. ಹೆಂಗಸರಿಗಾಗಿ ಬರೆಯುವಾಗ ಅದನ್ನು ದಾಟಿ ಹೋಗಲಾರೆ. ಆಲ್ಬಮ್ಮಿನಲ್ಲಿರುವ ಇಂಗ್ಲಿಷ್ ಹಾಡಿನ ಹೆಸರನ್ನು ಕನ್ನಡದಲ್ಲಿ ಹೇಳಿದರೆ, ನನ್ನ ಹಾಗೆ ನಿನ್ನನ್ನು ಬೇರೆ ಯಾವ ಗಂಡಸೂ ಪ್ರೀತಿಸಲಾರ ಎಂದಾಗುತ್ತದೆ. ಇದನ್ನು ಯಾವ ಗಂಡ ಹೇಳದೆ ಇದ್ದಾನೆ ಎಂದು ಆಗ ನಗುತ್ತಿದ್ದೆ. 2018ರ ಅಕ್ಟೋಬರಿನಲ್ಲಿ, ದೇಶದುದ್ದಕ್ಕೂ ಹೆಂಗಸರು ತಮಗಾದದ್ದನ್ನು ಬಾಯಿಬಿಟ್ಟು ಹೇಳತೊಡಗಿದ ಆ ತಿಂಗಳು, ಗಾಯಕಿ ಚಿನ್ಮಯಿ ಶ್ರೀಪಾದ ಅವರ ಮೂಲಕ ರಘು ದೀಕ್ಷಿತರ ನಡವಳಿಕೆಯ ಬಗ್ಗೆ ಗಾಯಕಿಯೊಬ್ಬರ ದೂರು ಹೊರಗೆ ಬಂತು. ಹೇಳಿದ್ದೆಲ್ಲ ಹಾಗೆಯೇ ನಡೆದದ್ದಲ್ಲ ಎನ್ನುತ್ತಲೇ ಅವರು ಬಹಿರಂಗವಾಗಿ ಕ್ಷಮೆ ಕೇಳಿದರು. ಸುದ್ದಿ ಓದಿದ ದಿನ ಸಿ.ಡಿ.ಯನ್ನು ಮೇಜಿನ ಖಾನೆಯ ತಳಕ್ಕೆ ಹಾಕಿದೆ.

ಹಾಡು ಷರೀಫರದು, ಹಾಡಿದವರದಲ್ಲವಲ್ಲ ಎಂದು ನಮ್ಮ ಮನೆಯವರು ಸಮಾಧಾನ ಹೇಳಿದರು. ಅದು ಸುಲಭದ ಮಾತು. ನಾನು ಕೇಳಿದ್ದು ಷರೀಫರನ್ನಲ್ಲ, ಆ ಕಂಠವನ್ನು. ಅವ್ವನ ಬಾಯಿ ತೆರೆಸಿದ್ದೂ ಅದೇ. ಅರವತ್ತು ವರ್ಷ ಜಗಲಿಯ ಕತ್ತಲಲ್ಲಿ ಕುಳಿತವಳು ಹಾಡಿದ್ದು ಅದರ ಮರೆಯಲ್ಲಿ ಎನ್ನುವುದನ್ನು ನಾನು ಅಳಿಸಲಾರೆ. ಆ ಗಾಯಕಿಯ ಮಾತನ್ನು ಕೇಳಿಸಿಕೊಳ್ಳದವಳಂತೆ ಇರಲೂ ಆರೆ. ಎರಡಕ್ಕೂ ಒಂದೇ ಉತ್ತರ ಹುಡುಕುವುದನ್ನು ಬಿಟ್ಟಿದ್ದೇನೆ. ಗುಡುಗುಡಿಯ ಹಾಡನ್ನು ಈಗ ವರ್ಷಕ್ಕೊಮ್ಮೆಯೋ ಎರಡು ಸಲವೋ ಹಾಕುತ್ತೇನೆ. ಆ ಇಂಗ್ಲಿಷ್ ಹಾಡನ್ನು ಮತ್ತೆ ಹಾಕಿಲ್ಲ.

ಅವ್ವ 2013ರಲ್ಲಿ ಹೋದಳು, ಅದೇ ಮನೆಯಲ್ಲಿ. ಹೆಂಚು ಕೈಯಾಡಿಸಲು ನಾನು ಮತ್ತು ಅಣ್ಣ ಅರ್ಧರ್ಧ ದುಡ್ಡು ಹಾಕಿದ್ದೆವು. ಜಗಳ ಅಲ್ಲಿಗೆ ನಿಂತಿತ್ತು. ಅವಳ ವರ್ಷಾಬ್ದಿಕ ಮುಗಿದ ಮೇಲೆ ಮನೆಯನ್ನು ಪಕ್ಕದವರು ಕೊಂಡರು. ತೊಲೆಗಳು ಗಟ್ಟಿಯಿದ್ದವಂತೆ, ಬಿಚ್ಚಿ ತಮ್ಮ ಕೊಟ್ಟಿಗೆಗೆ ಹಾಕಿಕೊಂಡರು.

ಮಗ ಈಗ ಬೆಂಗಳೂರಿನಲ್ಲಿ. ಮೊನ್ನೆ ಈ ಬರಹದ ಮಾತು ಬಂದಾಗ, "ಅವತ್ತು ಅಜ್ಜಿ ಹಾಡಿದ್ದನ್ನು ಫೋನಲ್ಲಿ ರೆಕಾರ್ಡ್ ಮಾಡ್ಕೋಬೇ‌ಕಿತ್ತಮ್ಮ" ಎಂದ. ಮಾಡಿದ್ದರೂ ಅದರಲ್ಲಿ ಬರೀ ಡ್ರಮ್ಮೇ ಕೇಳಿಸುತ್ತಿತ್ತು ಕಣೋ ಎಂದೆ.